ಹಸಿರು ಕಲ್ಲು ಯಾರ ಹಿಡಿತದಲ್ಲಿತ್ತು?

ಮೆಕ್ಸಿಕೋದ ಪಚೂಕಾ ಬೆಟ್ಟದ ಅಬ್ಸಿಡಿಯನ್ ಚಕ್ಕೆಯನ್ನು ಬಿಸಿಲಿಗೆ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಲಾವಾ ಬೇಗ ಆರಿ ಆದ ಗಾಜು ಅದು. ಕಬ್ಬಿಣ ಬಳಸದ ಆ ಸೀಮೆಯಲ್ಲಿ ಮಾಂಸ ಕೊಯ್ಯಲು, ತೊಗಲು ಹೆರೆಯಲು, ದೇವರಿಗೆ ರಕ್ತ ಕೊಡಲು, ಹೆಚ್ಚಾಗಿ ಇದರ ಅಲಗನ್ನೇ ಬಳಸುತ್ತಿದ್ದರು. ಹೊರೆ ಎಳೆಯಲು ಎತ್ತು, ಕುದುರೆ ಇರಲಿಲ್ಲ. ಆಳುಗಳೇ ಬೆನ್ನ ಮೇಲೆ ಹೊತ್ತು ನೂರಾರು ಕಿಲೋಮೀಟರ್ ನಡೆಯುತ್ತಿದ್ದರು.

ಈ ವ್ಯಾಪಾರ ಯಾರ ಕೈಯಲ್ಲಿತ್ತು ಎಂಬ ಪುರಾತತ್ವಜ್ಞರ ಜಗಳ ಹಳೆಯದು. 3,000 ವರ್ಷಗಳ ಹಿಂದೆಯೇ ಮೆಕ್ಸಿಕೋ ಕರಾವಳಿಯ ಓಲ್ಮೆಕ್ ಜನ ಗ್ವಾಟೆಮಾಲಾದ ಎಲ್ ಚಯಾಲ್ ಎಂಬಲ್ಲಿನ ಅಬ್ಸಿಡಿಯನ್ ಕಲ್ಲನ್ನು ತರಿಸುತ್ತಿದ್ದರು. ಆಮೇಲೆ ಮಾಯಾ ಊರುಗಳಿಗೂ ಅಲ್ಲಿಂದಲೇ ಜಾಸ್ತಿ ಬಂತು. ಮೆಕ್ಸಿಕೋದ ಪ್ರಾಚೀನ ತಿಯೋತಿಹುವಾಕಾನ್ ನಗರದ ನೆಲದ ಮೇಲೆ ಚಕ್ಕೆಗಳ ರಾಶಿ ಸಿಕ್ಕಾಗ, ಅವು ನೂರಾರು ಕಾರ್ಖಾನೆಗಳು, ಇಡೀ ವ್ಯಾಪಾರವನ್ನು ನಗರವೇ ಆಳುತ್ತಿತ್ತು ಎಂದು ಕೆಲವು ಸಂಶೋಧಕರು ಬರೆದರು. ಅದರಲ್ಲಿ ಎಷ್ಟೋ ರಾಶಿ ಸುಮ್ನೆ ಮನೆಗಳ ಕಸ ಇರಬಹುದಲ್ವಾ ಎಂದು 1980ರ ದಶಕದಲ್ಲಿ ಬೇರೆಯವರು ಕೇಳಿದರು. ದೂರದ ಮಾಯಾ ನಗರ ತಿಕಾಲ್‌ನಲ್ಲಿ ಹಸಿರು ಕಲ್ಲು ಸಿಕ್ಕಿದ್ದೂ ಸ್ವಲ್ಪವೇ.

ಜಗಳಕ್ಕೆ ಹೊಸ ದಾರಿ ಕೊಟ್ಟಿದ್ದು ಎಕ್ಸ್-ರೇ ಪರೀಕ್ಷೆ. ಒಂದೊಂದು ಬೆಟ್ಟದ ಗಾಜಿನಲ್ಲೂ ಬೆರೆತ ಧಾತುಗಳ ಪ್ರಮಾಣ ಬೇರೆ. ಹಾಗಾಗಿ ಚಕ್ಕೆಯನ್ನು ಒಡೆಯದೆಯೇ ಅದರ ಹುಟ್ಟೂರು ಹೇಳಬಹುದು.

ಅಸ್ತೆಕರ ರಾಜಧಾನಿ ತೆನೊಚ್‌ತಿತ್ಲಾನ್‌ನ ದೊಡ್ಡ ಗುಡಿಯಲ್ಲಿ ಸಿಕ್ಕ 788 ವಸ್ತುಗಳನ್ನು ಹೀಗೆ ನೋಡಿ 2025ರಲ್ಲಿ ವರದಿ ಕೊಟ್ಟರು. ಸುಮಾರು ನೂರಕ್ಕೆ ತೊಂಬತ್ತು ಪಚೂಕಾದ ಹಸಿರು ಕಲ್ಲು. ಮೊದಮೊದಲು ಹರಕೆಯ ವಸ್ತುಗಳಿಗೆ ಬೇರೆ ಬೆಟ್ಟಗಳ ಕಲ್ಲೂ ನಡೆಯುತ್ತಿತ್ತು. 1430ರ ಸುಮಾರಿಗೆ ಸಾಮ್ರಾಜ್ಯ ಗಟ್ಟಿಯಾದ ಮೇಲೆ ದೇವರಿಗೆ ಹೆಚ್ಚುಕಡಿಮೆ ಹಸಿರೊಂದೇ.

ಪತ್ರಿಕೆಗಳು ಆ ಹಸಿರನ್ನೇ ಎತ್ತಿ ಹೇಳಿದವು. ನನ್ನ ಮನಸ್ಸು ನಿಂತದ್ದು ಉಳಿದ ಹತ್ತರಲ್ಲಿ. ಗುಡಿ ಕಟ್ಟುವಾಗ ತುಂಬಿದ ಮಣ್ಣಿನಲ್ಲಿ ದಿನಬಳಕೆಯ ಅಲಗುಗಳೂ ಇದ್ದವು. ಅವು ಬಂದದ್ದು ಹಲವು ಬೆಟ್ಟಗಳಿಂದ. ಅದರಲ್ಲಿ ಒಂದು ಉಕಾರೆಯೋ. ಅಸ್ತೆಕರು ಯುದ್ಧದಲ್ಲಿ ಎಂದೂ ಗೆಲ್ಲಲಾಗದ ಪುರೆಪೆಚಾ ರಾಜ್ಯದ ಬೆಟ್ಟ ಅದು. ಸೈನ್ಯ ದಾಟಲಾಗದ ಗಡಿಯನ್ನು ಆ ಕಲ್ಲು ಸಂತೆಯಿಂದ ಸಂತೆಗೆ ಸಾಗಿ ದಾಟಿತ್ತು.