‘ಖಾನಾ ಖಾಯಾ?’ ತಮಿಳಿನಲ್ಲಿ ಹೇಗೆ ಕೇಳುವುದು

ಹಿಂದಿ ಪ್ರೇಮಚಿತ್ರವೊಂದರ ಹಕ್ಕು ಕೊಂಡು ತಂದ ನಿರ್ಮಾಪಕರು, “ಕಥೆ ಗಟ್ಟಿಯಾಗಿದೆ, ಮಾತುಗಳನ್ನು ತಮಿಳು ಮಾಡಿಕೊಟ್ಟರೆ ಮುಗಿಯಿತು, ಹದಿನೈದು ದಿನ ಸಾಕಲ್ಲವೇ?” ಎಂದಾಗಲೆಲ್ಲ ನನಗೆ ರೇಗುತ್ತದೆ. ಊರು ಬದಲಿಸುವುದಕ್ಕೆ ಇವರೇ ತಿಂಗಳುಗಟ್ಟಲೆ ಚರ್ಚೆ ಮಾಡಿರುತ್ತಾರೆ. ‘ಜಬ್ ವಿ ಮೆಟ್’ (2007) ತಮಿಳಿನಲ್ಲಿ ‘ಕಂಡೇನ್ ಕಾದಲೈ’ (2009) ಆದಾಗ ನಾಯಕಿಯ ಮನೆ ಬಠಿಂಡಾದಿಂದ ತೇನಿಗೆ ಬಂತು. ‘ವಿಕಿ ಡೋನರ್’ನ (2012) ಬಂಗಾಳಿ ಹುಡುಗಿ ‘ಧಾರಾಳ ಪ್ರಭು’ವಿನಲ್ಲಿ (2020) ಕನ್ನಡದವಳಾದಳು. ಅದೆಲ್ಲ ಬೇಕಾದದ್ದೇ. ಆದರೆ ಹುಡುಗಿ ಹುಡುಗನನ್ನು ನೀನು ಅನ್ನುತ್ತಾಳೋ ನೀವು ಅನ್ನುತ್ತಾಳೋ ಎಂದು ಕೇಳಿ ನೋಡಿ, ಒಬ್ಬರ ಬಳಿಯೂ ಉತ್ತರವಿರುವುದಿಲ್ಲ.

ಹಿಂದಿಗೆ ಮೂರು ಮೆಟ್ಟಿಲು: ಆಪ್, ತುಮ್, ತೂ. ಪ್ರೇಮದ ಮಾತು ಹೆಚ್ಚಾಗಿ ನಡುವಿನ ಮೆಟ್ಟಿಲಲ್ಲಿ ಕೂತಿರುತ್ತದೆ. ‘ತುಮ್’ನಲ್ಲಿ ದೂರವೂ ಇಲ್ಲ, ಅಗೌರವವೂ ಇಲ್ಲ. ತಮಿಳಿನಲ್ಲಿ ನಮ್ಮ ಹಾಗೆ ಎರಡೇ: ನೀಂಗ, ನೀ. ‘ತುಮ್’ ಕಂಡಲ್ಲೆಲ್ಲ ‘ನೀ’ ಹಾಕಿದರೆ ಮೊದಲ ಭೇಟಿಯಲ್ಲೇ ಸಲಿಗೆ ಬಂದುಬಿಡುತ್ತದೆ, ಆಮೇಲೆ ಹತ್ತಿರವಾಗಲು ಏನು ಉಳಿಯಿತು? ಕೊನೆಯವರೆಗೂ ‘ನೀಂಗ’ ಎಂದರೆ ಹುಡುಗಿ ಹೊಸಿಲಿನಾಚೆಯೇ ನಿಂತಿರುತ್ತಾಳೆ. ಎಲ್ಲೋ ಒಂದು ಕಡೆ ‘ನೀಂಗ’ ಕಳಚಬೇಕು. ಆ ಜಾಗವನ್ನು ಮೂಲ ಚಿತ್ರ ತೋರಿಸಿಕೊಡುವುದಿಲ್ಲ, ನಾವೇ ಹುಡುಕಬೇಕು. ಎಲ್ಲ ಕಥೆಗೂ ಹೊಂದುತ್ತದೆ ಎನ್ನಲಾರೆ, ಆದರೆ ನನ್ನ ಅನುಭವದಲ್ಲಿ ಅದು ಹಾಡಿಗಿಂತ ಜಗಳದಲ್ಲಿ ಚೆನ್ನಾಗಿ ಕೂರುತ್ತದೆ. ಸಿಟ್ಟಿನ ಭರದಲ್ಲಿ ಬಾಯಿಗೆ ಬಂದ ಒಂದು ‘ಪೋಡಾ’ ಸಾಕು, ಅವಳ ಮನಸ್ಸಿನಲ್ಲಿ ಏನಿದೆ ಎಂದು ಪ್ರೇಕ್ಷಕರಿಗೆ ಗೊತ್ತಾಗುತ್ತದೆ. ನಮ್ಮ ‘ಹೋಗೋ’ ಮಾಡುವ ಕೆಲಸವೇ ಅದು.

ಒಂದು ಡಬ್ಬಿಂಗ್‌ನಲ್ಲಿ ಮೂರೇ ಮೂರು ಸೆಕೆಂಡಿನ ಮಾತಿಗೆ ಅರ್ಧ ದಿನ ಹೋಯಿತು. ನಾಯಕಿ ಒಲೆಯ ಕಡೆ ತಿರುಗಿ ನಿಂತು, “ಖಾನಾ ಖಾಯಾ?” ಎನ್ನುತ್ತಾಳೆ. ಇಲ್ಲಿ ಹಿಂದಿಯ ಕ್ರಿಯಾಪದ ಊಟವನ್ನು ಅನುಸರಿಸುತ್ತದೆ, ಉಂಡವನನ್ನಲ್ಲ. ಆದ್ದರಿಂದ ಆಪ್, ತುಮ್ ಎರಡನ್ನೂ ನುಂಗಿಕೊಂಡೇ ಕೇಳಬಹುದು. ಅವಳಿಗೂ ಅದೇ ಬೇಕಿತ್ತು, ಅವನು ತನಗೆ ಏನಾಗಬೇಕು ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ತಮಿಳಿನಲ್ಲಿ ‘ಸಾಪ್ಟೀಂಗಳಾ’ ಎಂದರೆ ನೀವು, ‘ಸಾಪ್ಟಿಯಾ’ ಎಂದರೆ ನೀನು. ಪ್ರತ್ಯಯ ಗುಟ್ಟು ಬಿಟ್ಟುಕೊಡುತ್ತದೆ. ಎರಡನ್ನೂ ಹೇಳಿಸಿ ನೋಡಿದೆವು, ಎರಡೂ ಸುಳ್ಳಾಗಿ ಕೇಳಿಸಿದವು. ನಿರ್ಮಾಪಕರು ಗಡಿಯಾರ ನೋಡುತ್ತಿದ್ದರು.

ಕಂಠದಾನ ಮಾಡುತ್ತಿದ್ದ ಹುಡುಗಿ ಹೆಡ್‌ಫೋನ್ ತೆಗೆದು, “ಸಾರ್, ನಮ್ಮ ಅತ್ತೆ ಹೊಸ ಅಳಿಯನನ್ನು ಕೇಳುವ ಹಾಗೆ ಕೇಳಲೇ?” ಎಂದಳು. ಕೇಳಿದಳು: “ಸಾಪ್ಪಾಡು ಆಚ್ಚಾ?” ನಮ್ಮ ‘ಊಟ ಆಯಿತಾ’ ಇದ್ದ ಹಾಗೇ ಇತ್ತು. ಊಟದ ಸುದ್ದಿಯಷ್ಟೇ, ನೀನೂ ಇಲ್ಲ, ನೀವೂ ಇಲ್ಲ. ಕನ್ನಡದವನಾಗಿಯೂ ನನಗೆ ಅದು ಹೊಳೆದಿರಲಿಲ್ಲ. ಒಂದೇ ಟೇಕ್‌ಗೆ ಓಕೆ ಮಾಡಿದೆವು. ಅವಳ ಮೊದಲ ‘ನೀ’ ಬಂದದ್ದು ನಲವತ್ತು ನಿಮಿಷದ ನಂತರ, ರೈಲು ನಿಲ್ದಾಣದ ಜಗಳದಲ್ಲಿ.