ಹಳೆ ಗಾಡಿ ನೀರು ಕುಡಿಯುತ್ತಿದ್ದರೆ ಎಲ್ಲಿಂದ ಹುಡುಕಬೇಕು: ಕೂಲಿಂಗ್ ಸಿಸ್ಟಮ್ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿ ಮಂಗಳೂರು, ಉಡುಪಿ ಕಡೆ ಮೋಟಾರ್ ಮೆಕ್ಯಾನಿಕ್ ಕಲಿಯುತ್ತಿರುವವರಿಗೆ. ಹತ್ತು ಹದಿನೈದು ವರ್ಷ ಓಡಿದ ಓಮ್ನಿ, ಬೊಲೆರೊ, ಸ್ಯಾಂಟ್ರೋ, ಟಾಟಾ ಏಸ್ ಗ್ಯಾರೇಜಿಗೆ ಬಂದಾಗ ಓನರ್ ಹೇಳುವ ಮಾತು ಹೆಚ್ಚಾಗಿ ಒಂದೇ: "ಸ್ವಲ್ಪ ನೀರು ಕುಡೀತದೆ, ಬೇರೆಂಥ ತೊಂದ್ರೆ ಇಲ್ಲ." ಈ ಮಾತನ್ನು ಕೇಳಿ ಸುಮ್ನೆ ಬಿಡಬಾರದು. ಕೂಲಿಂಗ್ ಸಿಸ್ಟಮ್ ಮುಚ್ಚಿದ ವ್ಯವಸ್ಥೆ. ಒಳಗೆ ಹಾಕಿದ್ದು ಒಳಗೇ ಸುತ್ತುತ್ತಿರಬೇಕು. ತಿಂಗಳಿಗೆ ಅರ್ಧ ಲೀಟರ್ ಹಾಕಬೇಕಾಗುತ್ತಿದೆ ಅಂದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ, ಇಲ್ಲವೇ ಸಿಲಿಂಡರಿಗೆ ಇಳಿದು ಸೈಲೆನ್ಸರಿನಿಂದ ಹಬೆಯಾಗಿ ಹೋಗುತ್ತಿದೆ. ಹೋಗುವ ದಾರಿ ಸಿಗುವವರೆಗೆ ಮೇಲಿಂದ ನೀರು ತುಂಬಿಸುವುದು ರಿಪೇರಿ ಅಲ್ಲ.

ಇದರಲ್ಲಿ ಅವಸರ ಯಾಕೆ ಅಂದರೆ, ಹಳೆಯ ಎಂಜಿನ್‌ಗಳಲ್ಲಿ ಸಿಲಿಂಡರ್ ಇರುವ ಬ್ಲಾಕ್ ಹೆಚ್ಚಾಗಿ ಬೀಡು ಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂನದ್ದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಂದು ಸಲ ಜೋರಾಗಿ ಹೀಟ್ ಆದರೂ ಸಾಕು, ಹೆಡ್ ಬೆಂಡ್ ಆಗಿ ಎರಡರ ನಡುವಿನ ಗ್ಯಾಸ್ಕೆಟ್ ಹೋಗಬಹುದು. ನೂರಿನ್ನೂರು ರೂಪಾಯಿಯ ಕ್ಯಾಪ್ ನೋಡದೆ ಬಿಟ್ಟು ಕೊನೆಗೆ ಹೆಡ್ ಬಿಚ್ಚಿ ಫೇಸಿಂಗ್ (ಮೇಲ್ಮೈ ಸಮತಟ್ಟು) ಮಾಡಿಸಿದರೆ ಅದು ಓನರಿಗೂ ನಷ್ಟ, ನಮ್ಮ ಕೆಲಸಕ್ಕೂ ಶೋಭೆಯಲ್ಲ.

ಮೊದಲು ಕ್ಯಾಪ್

ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಂದುಕೊಂಡವರು ಜಾಸ್ತಿ. ಅದು ವಾಲ್ವ್. ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಕ್ಯಾಪಿನ ಮೇಲೆ 0.9 ಅಥವಾ 1.1 ಅಂತ ಒತ್ತಿರುತ್ತಾರೆ. ಒಳಗೆ ಅಷ್ಟು ಬಾರ್ ಒತ್ತಡ ಬರುವವರೆಗೆ ಅದು ತೆರೆಯುವುದಿಲ್ಲ. ಬಯಲಲ್ಲಿ 100 ಡಿಗ್ರಿಗೆ ಕುದಿಯುವ ನೀರು 0.9 ಬಾರ್ ಒತ್ತಡದಲ್ಲಿ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಕೂಲೆಂಟ್, ಅಂದರೆ ಗ್ಲೈಕಾಲ್ ಇರುವ ದ್ರವ, ಬೆರೆಸಿದ್ದರೆ ಇನ್ನೂ ಮೇಲೆ ಹೋಗುತ್ತದೆ. ಸ್ಪ್ರಿಂಗ್ ಸೋತ ಕ್ಯಾಪ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತಿದರೆ ಈ ಹದಿನೆಂಟು ಡಿಗ್ರಿಯ ರಕ್ಷಣೆಯೇ ಇರುವುದಿಲ್ಲ. ರೇಡಿಯೇಟರ್, ಪಂಪ್, ಫ್ಯಾನ್ ಎಲ್ಲ ಸರಿಯಿದ್ದರೂ ನೀರು ಕುದಿದು ಹೊರಗೆ ಚೆಲ್ಲುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಕೈಯಲ್ಲಿ ತಿರುಗಿಸಿ ನೋಡಿ. ಬಿಸಿಯಿದ್ದಾಗ ಬಟ್ಟೆ ಹಿಡಿದೂ ತೆಗೆಯಬೇಡಿ, ಹಬೆ ಮುಖಕ್ಕೆ ಹೊಡೆಯುತ್ತದೆ. ಅಡಿಯ ರಬ್ಬರ್ ವಾಷರಿನಲ್ಲಿ ಆಳವಾದ ಉಂಗುರದ ಗುರುತು ಬಿದ್ದಿದೆಯಾ? ಉಗುರಿಗೆ ಗಟ್ಟಿ ಹತ್ತುತ್ತದಾ? ಹಾಗಿದ್ದರೆ ಹೊಸದು ಹಾಕಿ. ವಾಷರಿನ ಮಧ್ಯೆ ಇನ್ನೊಂದು ಚಿಕ್ಕ ವಾಲ್ವ್ ಇದೆ. ಅದನ್ನು ಉಗುರಿನಿಂದ ಎಳೆದು ಬಿಟ್ಟರೆ ಟಕ್ಕಂತ ವಾಪಸ್ ಕೂರಬೇಕು. ಎಂಜಿನ್ ತಣ್ಣಗಾಗುವಾಗ ರೇಡಿಯೇಟರಿಗೆ ಜೋಡಿಸಿದ ಬಾಟಲಿಯಿಂದ ಕೂಲೆಂಟನ್ನು ಒಳಗೆ ಎಳೆದುಕೊಳ್ಳುವುದು ಇದೇ ವಾಲ್ವ್ ಮೂಲಕ. ಅದು ಅಂಟಿಕೊಂಡಿದ್ದರೆ ಬೆಳಿಗ್ಗೆ ಬಾನೆಟ್ ಎತ್ತಿದಾಗ ಮೇಲಿನ ಹೋಸ್ ಒಳಗೆ ಕುಸಿದು ಚಪ್ಪಟೆಯಾಗಿರುತ್ತದೆ. ಬಾಟಲಿ ತುಂಬಿದೆ, ರೇಡಿಯೇಟರಿನಲ್ಲಿ ಮಾತ್ರ ಕಡಿಮೆ ಇದೆ ಅಂದರೂ ಮೊದಲ ಅನುಮಾನ ಈ ವಾಲ್ವ್ ಮೇಲೆ. ಆಮೇಲೆ ಬಾಟಲಿಗೆ ಹೋಗುವ ಸಣ್ಣ ಪೈಪ್ ಬಿರಿದಿದೆಯಾ ನೋಡಿ.

ಒಂದು ಎಚ್ಚರಿಕೆ. 0.9 ಇದ್ದಲ್ಲಿ ಜಾಸ್ತಿ ತಡೆಯಲಿ ಅಂತ 1.1 ಹಾಕಬೇಡಿ. ಹಳೆ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಮಡಚಿ ಕೂರಿಸಿದ ಜಾಗ ಮೊದಲೇ ದುರ್ಬಲ ಆಗಿರುತ್ತದೆ. ಹೆಚ್ಚಿದ ಒತ್ತಡ ಅಲ್ಲೇ ದಾರಿ ಮಾಡಿಕೊಳ್ಳುತ್ತದೆ.

ನಮ್ಮ ಊರಿನ ನೀರು

ಬಯಲುಸೀಮೆಯ ಗಡಸು ನೀರು ಹಾಕಿದರೆ ಟ್ಯೂಬಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿ ನೀರು ಮೆದು, ಹಾಗೆ ಪದರ ಕಟ್ಟುವುದು ಕಡಿಮೆ. ಅದಕ್ಕೇ "ನಮ್ಮ ಬಾವಿ ನೀರು ಲಾಯ್ಕುಂಟು, ಅದನ್ನೇ ಹಾಕಿ" ಅನ್ನುತ್ತಾರೆ. ಕುಡಿಯಲು ಲಾಯ್ಕೇ. ಆದರೆ ಮುರಕಲ್ಲು ನೆಲದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಎಷ್ಟೋ ಕಡೆ ಕಬ್ಬಿಣದ ಅಂಶವೂ ಇರುತ್ತದೆ. ಅಳಿವೆ ಹತ್ತಿರದ ಬಾವಿಗಳಿಗೆ ಏಪ್ರಿಲ್, ಮೇ ಹೊತ್ತಿಗೆ ಉಪ್ಪುನೀರು ನುಗ್ಗುತ್ತದೆ. ಉಪ್ಪಿನ ಕ್ಲೋರೈಡ್ ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರವನ್ನು ಒಡೆದು ಸೂಜಿ ಚುಚ್ಚಿದ ಹಾಗೆ ತೂತು ಕೊರೆಯುತ್ತದೆ. ಆದ್ದರಿಂದ ಹಾಕುವುದಿದ್ದರೆ ಡಿಸ್ಟಿಲ್ಡ್ ನೀರು, ಅಂದರೆ ಅಂಗಡಿಯಲ್ಲಿ ಬ್ಯಾಟರಿ ನೀರು ಅಂತ ಸಿಗುವುದು. ಕೊಳ್ಳುವಾಗ ಆಸಿಡ್ ಅಲ್ಲ ಅಂತ ಲೇಬಲ್ ಓದಿಕೊಳ್ಳಿ. ದಾರಿಯಲ್ಲಿ ಸಿಕ್ಕಿಬಿದ್ದಾಗ ಕುಡಿಯುವ ನೀರು ಹಾಕಿ ಮನೆ ಮುಟ್ಟಿದರೆ ತಪ್ಪಿಲ್ಲ. ಹಾಗೇ ಬಿಟ್ಟರೆ ತಪ್ಪು.

"ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ?" ಅಂತ ಕೇಳುವವರಿದ್ದಾರೆ. ನಮಗೆ ಅದು ಬೇಕಿರುವುದು ನೀರು ಹೆಪ್ಪುಗಟ್ಟದಿರಲಿ ಅಂತಲ್ಲ, ಬೇರೆ ಕಾರಣಗಳಿಗೆ: ತುಕ್ಕು ತಡೆಯಲು, ಕುದಿಯುವ ಬಿಂದು ಏರಿಸಲು, ಪಂಪಿನ ಸೀಲ್ ಉಳಿಸಲು. ಹಾಗಂತ ನೀರಿಲ್ಲದೆ ಗಟ್ಟಿ ಕೂಲೆಂಟನ್ನೇ ಸುರಿದರೂ ಹಾಳು. ಬಿಸಿ ಹೊತ್ತೊಯ್ಯುವುದರಲ್ಲಿ ನೀರಿನಷ್ಟು ಗಟ್ಟಿಗ ಗ್ಲೈಕಾಲ್ ಅಲ್ಲ. ಅರ್ಧಕ್ಕರ್ಧ ಅನ್ನುವುದು ಎಲ್ಲ ಕಡೆ ನಡೆಯುವ ಅಳತೆ. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಅದನ್ನೇ ಕೇಳಿ.

ಇಲ್ಲೊಂದು ಲೆಕ್ಕ ಇದೆ, ಕಲಿಯುವವರು ತಪ್ಪದೇ ಮಾಡಿ ನೋಡಬೇಕು. ಸಿಸ್ಟಮ್ ಒಟ್ಟು 5 ಲೀಟರ್ ಅಂದುಕೊಳ್ಳಿ. ಅಡಿಯ ಪ್ಲಗ್ ತೆಗೆದರೆ 3 ಲೀಟರ್ ಮಾತ್ರ ಬರುತ್ತದೆ, 2 ಲೀಟರ್ ಬ್ಲಾಕಿನಲ್ಲಿ, ಹೀಟರಿನಲ್ಲಿ ಉಳಿಯುತ್ತದೆ. ಡಿಸ್ಟಿಲ್ಡ್ ನೀರಿನಿಂದ ಮತ್ತೆ ಮತ್ತೆ ಫ್ಲಶ್ ಮಾಡಿದ ಮೇಲೆ ಒಳಗೆ ಉಳಿದ ಆ 2 ಲೀಟರ್ ಹೆಚ್ಚುಕಡಿಮೆ ಬರೀ ನೀರು. ಈಗ ಅರ್ಧಕ್ಕರ್ಧ ನೀರು ಬೆರೆಸಿಯೇ ಬರುವ ಅಂಗಡಿಯ ರೆಡಿ ಮಿಕ್ಸ್ 3 ಲೀಟರ್ ಹಾಕಿದರೆ ಅದರಲ್ಲಿರುವ ಗಟ್ಟಿ ಕೂಲೆಂಟ್ ಒಂದೂವರೆ ಲೀಟರ್ ಮಾತ್ರ. ಐದರಲ್ಲಿ ಒಂದೂವರೆ, ಅಂದರೆ 30 ಶೇಕಡಾ. ನಾವು 50 ಅಂದುಕೊಂಡು ಬಾನೆಟ್ ಮುಚ್ಚಿರುತ್ತೇವೆ! ಸರಿಯಾದ ದಾರಿ: ನೀರು ಬೆರೆಸದ ಕೂಲೆಂಟ್ ಎರಡೂವರೆ ಲೀಟರ್ ಮೊದಲು ಹಾಕಿ, ಉಳಿದ ಅರ್ಧ ಲೀಟರ್ ಡಿಸ್ಟಿಲ್ಡ್ ನೀರು. ಆಗ ನಿಜವಾಗಿ ಅರ್ಧಕ್ಕರ್ಧ.

ಕೂಲೆಂಟಿನ ಬಣ್ಣ ನಂಬಬೇಡಿ. ಹಸಿರು, ಗುಲಾಬಿ, ನೀಲಿ ಅನ್ನುವುದು ಕಂಪನಿಗಳು ಸೇರಿಸುವ ಬಣ್ಣ, ಒಳಗಿನ ರಾಸಾಯನಿಕ ಯಾವುದೆಂದು ಅದರಿಂದ ಗೊತ್ತಾಗುವುದಿಲ್ಲ. ಹಳೆ ಬಗೆಯದ್ದು ಸುಮಾರು 2 ವರ್ಷ ಬಾಳುತ್ತದೆ, ಆರ್ಗ್ಯಾನಿಕ್ ಆಸಿಡ್ ಬಗೆಯದ್ದು 5 ವರ್ಷದವರೆಗೂ. ಎರಡನ್ನೂ ಬೆರೆಸಿದರೆ ಬಾಳಿಕೆ ಕಡಿಮೆಯಾಗುತ್ತದೆ, ಕೆಲವು ಸಲ ಲೋಳೆ ಕಟ್ಟುವುದೂ ಉಂಟು. ಮೊದಲು ಏನು ಹಾಕಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಪೂರ್ತಿ ತೆಗೆದು ಹೊಸದು ಹಾಕುವುದೇ ಲೇಸು.

ಸೋರುವ ಜಾಗ ಹುಡುಕುವುದು

ಹ್ಯಾಂಡ್ ಪಂಪಿನ ಪ್ರೆಶರ್ ಟೆಸ್ಟರ್ ಇದ್ದರೆ ಅರ್ಧ ಕೆಲಸ ಮುಗಿಯಿತು. ತಣ್ಣಗಿನ ಎಂಜಿನ್‌ಗೆ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಬಿಡಿ. ಮುಳ್ಳು ಇಳಿದರೆ ಟಾರ್ಚ್ ಹಿಡಿದು ಕೆಳಗೆ ಮಲಗಿ. ಒಣಗಿದ ಕೂಲೆಂಟ್ ಬಿಟ್ಟ ಬಿಳಿ ಅಥವಾ ಬಣ್ಣದ ಕಲೆಯೇ ನಿಮಗೆ ದಾರಿ ತೋರಿಸುತ್ತದೆ.

ವಾಟರ್ ಪಂಪಿನ ಕೆಳಗೆ ಚಿಕ್ಕ ತೂತು ಇರುತ್ತದೆ. ಸೀಲ್ ಹೋದರೆ ನೀರು ಬೇರಿಂಗಿಗೆ ನುಗ್ಗದೆ ಇಲ್ಲಿಂದ ಹೊರಗೆ ಬರಲಿ ಅಂತಲೇ ಅದನ್ನು ಕೊಟ್ಟಿದ್ದು. ಅಲ್ಲಿ ಕಲೆಯ ಗೆರೆ ಕಂಡರೆ ಪಂಪ್ ಬದಲಿಸಿ. ಆ ತೂತಿಗೆ ಎಂ-ಸೀಲ್ ಹಚ್ಚಿದ್ದನ್ನು ನೋಡಿದರೆ ಬೇಸರವಾಗುತ್ತದೆ. ಮುಂದೆ ಬೇರಿಂಗ್ ಹೋಗುತ್ತದೆ, ಅದರ ಹಿಂದೆಯೇ ಬೆಲ್ಟ್.

ಹೋಸನ್ನು ಕಣ್ಣಲ್ಲಿ ನೋಡಿದರೆ ಸಾಲದು, ಹಿಸುಕಬೇಕು. ಕ್ಲಿಪ್ಪಿನಿಂದ ಒಂದೆರಡು ಇಂಚಿನ ಜಾಗದಲ್ಲಿ ಎರಡು ಬೆರಳಿನಿಂದ ಒತ್ತಿ, ಆಮೇಲೆ ಅದೇ ಹೋಸಿನ ನಡುವೆ ಒತ್ತಿ. ತುದಿ ಮೆತ್ತಗೆ, ನಡು ಗಟ್ಟಿ ಅನ್ನಿಸಿದರೆ ರಬ್ಬರ್ ಒಳಗಿನಿಂದ ಬಿರಿಯುತ್ತಿದೆ ಅಂತ ಅರ್ಥ. ಹೊರಗಿನಿಂದ ಹೊಸದರಂತೆ ಹೊಳೆಯುತ್ತಿರಬಹುದು. ಎಣ್ಣೆ ತಾಗಿದ ಹೋಸ್ ಉಬ್ಬಿ ಜಿಡ್ಡಾಗುತ್ತದೆ. ಕೆಳಗಿನ ಹೋಸಿನೊಳಗೆ ಕೆಲವು ಗಾಡಿಗಳಲ್ಲಿ ಸ್ಪ್ರಿಂಗ್ ಇರುತ್ತದೆ, ಪಂಪ್ ಎಳೆಯುವಾಗ ಅದು ಕುಸಿಯಬಾರದು ಅಂತ. ಹೋಸ್ ಬದಲಿಸುವಾಗ ಆ ಸ್ಪ್ರಿಂಗ್ ಬಿಟ್ಟುಬಿಡಬೇಡಿ.

ಸೋರಿಕೆ ಏನೂ ಇಲ್ಲ, ಆದರೂ ಹೀಟ್ ಆಗುತ್ತದೆ ಅಂದರೆ ರೇಡಿಯೇಟರಿನ ರೆಕ್ಕೆಗಳನ್ನು ನೋಡಿ. ಕಡಲ ತೀರದ ಗಾಡಿಗಳಲ್ಲಿ ಇದು ಬಹಳ ಸಾಮಾನ್ಯ. ಮಲ್ಪೆ, ಸುರತ್ಕಲ್, ಉಳ್ಳಾಲದ ಉಪ್ಪುಗಾಳಿಗೆ, ಮೀನಿನ ಲಾರಿಗಳು ರಸ್ತೆಗೆ ಸುರಿಸಿದ ನೀರಿಗೆ ಕೆಳಭಾಗದ ರೆಕ್ಕೆಗಳು ಮೊದಲು ಹೋಗುತ್ತವೆ. ಬೆರಳು ತಾಗಿಸಿದರೆ ಬೂದಿಯಂತೆ ಉದುರುತ್ತವೆ. ಟ್ಯೂಬ್ ಸೋರುವುದಿಲ್ಲ, ಆದರೆ ಬಿಸಿಯನ್ನು ಗಾಳಿಗೆ ಕೊಡುವ ರೆಕ್ಕೆಯೇ ಇಲ್ಲ. ಅದನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ರೆಕ್ಕೆ ಗಟ್ಟಿಯಿದ್ದರೆ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿ ನೋಡಿ. ಮೊದಲ ಮಳೆಯ ರೆಕ್ಕೆಹುಳ, ಗಾಳಿಮರದ ಎಲೆ, ಭತ್ತದ ಹೊಟ್ಟು ಎಲ್ಲ ಅಲ್ಲಿ ಒತ್ತಾಗಿ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಗಿನ ಕಡೆಗೆ ಮೆಲ್ಲನೆ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿ ಇದ್ದ ದಾರಿಯೂ ಮುಚ್ಚುತ್ತದೆ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ಆ ಹೊತ್ತಿಗೆ ತೂತು ಮುಚ್ಚಬಹುದು. ಆದರೆ ಪುಡಿಗೆ ತೂತು ಯಾವುದು, ಟ್ಯೂಬ್ ಯಾವುದು ಅಂತ ಗೊತ್ತಿಲ್ಲ. ಸಣ್ಣ ಟ್ಯೂಬುಗಳೂ ಕಟ್ಟಿಕೊಳ್ಳುತ್ತವೆ. ಯಾರಾದರೂ ಹಾಕಿದ್ದರೆ ಫ್ಲಶ್ ಮಾಡದೆ ಹೊಸ ಕೂಲೆಂಟ್ ಹಾಕಬೇಡಿ.

ಹೆಡ್ ಗ್ಯಾಸ್ಕೆಟ್ ಅಂತ ಹೇಳುವ ಮೊದಲು

ಆಯಿಲ್ ಕ್ಯಾಪ್ ಅಡಿ ಹಾಲು ಕಾಫಿ ಬಣ್ಣದ ಕೆನೆ ಕಂಡ ಕೂಡಲೇ ಗ್ಯಾಸ್ಕೆಟ್ ಹೋಯಿತು ಅಂದುಬಿಡಬೇಡಿ. ನಮ್ಮ ಜುಲೈ ತಿಂಗಳಲ್ಲಿ ಮನೆಯಿಂದ ಪೇಟೆಗೆ ಮಾತ್ರ ಓಡುವ ಗಾಡಿಯಲ್ಲಿ ತೇವದಿಂದಲೂ ತೆಳ್ಳಗೆ ಕೆನೆ ಕಟ್ಟುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲಿ ಆಯಿಲ್ ಸ್ವಚ್ಛವಾಗಿದ್ದು, ಕೂಲೆಂಟ್ ಮಟ್ಟವೂ ಇಳಿಯುತ್ತಿಲ್ಲ ಅಂದರೆ ಹೆದರುವ ಕಾರಣ ಕಡಿಮೆ. ಮಳೆಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹಬೆ ಬರುವುದೂ ಸಹಜ. ಬಿಸಿಯಾದ ಮೇಲೂ ನಿಲ್ಲದೆ ಬರುತ್ತಿದ್ದರೆ, ಸಿಹಿ ವಾಸನೆ ಇದ್ದರೆ ಮಾತ್ರ ಅನುಮಾನಿಸಿ. ಖಚಿತ ಮಾಡಿಕೊಳ್ಳಲು ಬ್ಲಾಕ್ ಟೆಸ್ಟರಿನ ನೀಲಿ ದ್ರವ ಇದೆ. ಉರಿದ ಗ್ಯಾಸ್ ಕೂಲೆಂಟಿಗೆ ಸೇರುತ್ತಿದ್ದರೆ ಪೆಟ್ರೋಲ್ ಎಂಜಿನ್‌ನಲ್ಲಿ ಅದು ಹಳದಿ ಆಗುತ್ತದೆ.

ತರ್ಮೋಸ್ಟ್ಯಾಟ್ ತೆಗೆಯುವ ಚಾಳಿ

"ಇಲ್ಲಿಯ ಸೆಕೆಗೆ ತರ್ಮೋಸ್ಟ್ಯಾಟ್ ಬೇಡ ಮಾರಾಯ್ರೆ" ಅನ್ನುವುದನ್ನು ನೀವೂ ಕೇಳಿರುತ್ತೀರಿ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊರಗೆ 35 ಡಿಗ್ರಿ ಇದ್ದರೂ ಎಂಜಿನ್‌ಗೆ ಅದು ತಣ್ಣಗೇ. ತರ್ಮೋಸ್ಟ್ಯಾಟ್ ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆರುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಇದಕ್ಕಿಂತ ಕೆಟ್ಟದ್ದಾಗುತ್ತದೆ. ಅವುಗಳಲ್ಲಿ ತರ್ಮೋಸ್ಟ್ಯಾಟ್ ತೆರೆದುಕೊಂಡಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ. ತಂಪಾಗಲಿ ಅಂತ ತೆಗೆದವರೇ ಘಾಟಿಯಲ್ಲಿ ಕುದಿಸಿಕೊಳ್ಳುತ್ತಾರೆ.

ಪರೀಕ್ಷೆ ಸುಲಭ. ತರ್ಮೋಸ್ಟ್ಯಾಟಿಗೆ ದಾರ ಕಟ್ಟಿ, ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ಇಳಿಬಿಟ್ಟು ಕಾಯಿಸಿ, ಪಕ್ಕದಲ್ಲಿ ತರ್ಮಾಮೀಟರ್. 82 ಅಂತ ಒತ್ತಿದ್ದರೆ ಆಚೀಚೆ ಒಂದೆರಡು ಡಿಗ್ರಿಗೆ ತೆರೆಯಲು ಶುರುವಾಗಬೇಕು.

ಘಾಟಿಯಲ್ಲಿ

ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ ಭಾರ ಜಾಸ್ತಿ, ವೇಗ ಕಡಿಮೆ, ಮುಂದಿನಿಂದ ಗಾಳಿ ಇಲ್ಲ. ಕೆಲಸವೆಲ್ಲ ಫ್ಯಾನಿನ ಮೇಲೆ. ಹೀಟ್ ತೋರಿಸುವ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಆನ್ ಮಾಡಿ, ಒಂದು ಗೇರ್ ಇಳಿಸಿ. ಗೇರ್ ಇಳಿಸಿದರೆ ಪಂಪ್ ಜೋರಾಗಿ ತಿರುಗುತ್ತದೆ. ಬ್ಯಾಟರಿ ಲೈಟ್ ಹತ್ತಿ ಜೊತೆಗೇ ಮುಳ್ಳೂ ಏರಿದರೆ ಬೆಲ್ಟ್ ಕಡಿದಿರಬಹುದು, ಕೂಡಲೇ ನಿಲ್ಲಿಸಿ. ಏರಿದ್ದ ಮುಳ್ಳು ಥಟ್ಟನೆ ಇಳಿದರೆ ಸಮಾಧಾನಪಡಬೇಡಿ. ಸೆನ್ಸರಿಗೆ ನೀರು ತಾಗದೇ ಇದ್ದರೂ ಮುಳ್ಳು ಇಳಿಯುತ್ತದೆ. ಅಂದರೆ ಒಳಗೆ ನೀರೇ ಖಾಲಿ ಆಗಿರಬಹುದು. ಆಗ ಎಂಜಿನ್ ಬಂದ್ ಮಾಡಬೇಕು. ಕಾದ ಬ್ಲಾಕಿಗೆ ತಣ್ಣೀರು ಸುರಿಯಬಾರದು.

ತುಂಬಿದ ಮೇಲೆ

ಮೂತಿ ಮೇಲಾಗುವಂತೆ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ, ಹೀಟರ್ ತೆರೆದು, ಕ್ಯಾಪ್ ಹಾಕದೆ ಐಡ್ಲಿಂಗ್‌ನಲ್ಲಿ ಬಿಡಿ. ಮೇಲಿನ ಹೋಸ್ ಬಿಸಿಯಾದಾಗ ತರ್ಮೋಸ್ಟ್ಯಾಟ್ ತೆರೆದಿದೆ ಅಂತ ಅರ್ಥ. ಗುಳ್ಳೆ ನಿಂತ ಮೇಲೆ ಮಟ್ಟ ಸರಿಮಾಡಿ ಕ್ಯಾಪ್ ಹಾಕಿ. ಒಂದೆರಡು ದಿನ ಬೆಳಿಗ್ಗೆ ತಣ್ಣಗಿದ್ದಾಗ ಬಾಟಲಿ ನೋಡಿ. ಉಳಿದ ಗಾಳಿ ಹೋಗಿ ಮಟ್ಟ ತುಸು ಇಳಿಯುವುದು ಸಹಜ. ಆಮೇಲೂ ಇಳಿಯುತ್ತಿದ್ದರೆ ಮತ್ತೆ ಪ್ರೆಶರ್ ಟೆಸ್ಟರ್ ಹಚ್ಚಿ.

ತೆಗೆದ ಹಳೆ ಕೂಲೆಂಟನ್ನು ಅಂಗಳಕ್ಕೆ, ಚರಂಡಿಗೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಮಾತ್ರ ಸಿಹಿ. ನಾಯಿ, ಬೆಕ್ಕು ನೆಕ್ಕಿ ಸಾಯುತ್ತವೆ. ನಮ್ಮಲ್ಲಿ ಮನೆಗೊಂದು ಬಾವಿ, ಮುರಕಲ್ಲಿನ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಮುಚ್ಚಳ ಇರುವ ಕ್ಯಾನಿಗೆ ತುಂಬಿಸಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಲ್ಲಿ ಇಡಿ. ಹಳೆ ಎಂಜಿನ್ ಆಯಿಲ್ ಜೊತೆ ಬೆರೆಸಬೇಡಿ, ಬೆರೆಸಿದರೆ ಆ ಆಯಿಲನ್ನು ಮರುಬಳಕೆಗೆ ತೆಗೆದುಕೊಳ್ಳುವುದು ಕಷ್ಟ.