ದುಗ್ಧನಾಳದ ತವರು ಯಾವುದು?

ರಕ್ತನಾಳಗಳಿಂದ ಸೋರಿದ ದ್ರವವನ್ನು ಬಸಿದು ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. 1622ರಲ್ಲಿ ಇಟಲಿಯ ಗ್ಯಾಸ್ಪಾರೊ ಅಸೆಲ್ಲಿ ನಾಯಿಯ ಕರುಳಿನ ಪೊರೆಯಲ್ಲಿ ಅವನ್ನು ಬಿಳಿ ಗೆರೆಗಳಾಗಿ ಕಂಡರು. ಭ್ರೂಣದಲ್ಲಿ ಅವುಗಳ ತವರು ಯಾವುದೆಂಬ ಜಗಳಕ್ಕೆ ಕಾವೇರಿದ್ದು ಮಾತ್ರ 20ನೇ ಶತಮಾನದಲ್ಲಿ.

1902ರಲ್ಲಿ ಅಮೆರಿಕದ ಫ್ಲಾರೆನ್ಸ್ ಸೇಬಿನ್ ಹಂದಿಯ ಭ್ರೂಣಗಳಿಗೆ ಶಾಯಿ ಚುಚ್ಚಿ ನೋಡಿ, ಹೃದಯಕ್ಕೆ ರಕ್ತ ಮರಳಿಸುವ ಅಭಿಧಮನಿಯಿಂದಲೇ ಇವು ಚಿಗುರುತ್ತವೆ ಎಂದರು. 1910ರಲ್ಲಿ ಹಂಟಿಂಗ್ಟನ್ ಮತ್ತು ಮೆಕ್ಲೂರ್ ಬೆಕ್ಕಿನ ಭ್ರೂಣದ ತೆಳು ಹೋಳುಗಳನ್ನು ನೋಡಿ, ಇಲ್ಲ, ಸುತ್ತಲಿನ ಅಂಗಾಂಶದಲ್ಲಿ ಹುಟ್ಟಿ ಆಮೇಲೆ ಅಭಿಧಮನಿಗೆ ಕೂಡಿಕೊಳ್ಳುತ್ತವೆ ಎಂದರು. ಶಾಯಿ ಹರಿಯುವುದು ಕೂಡಿಕೊಂಡ ನಾಳದಲ್ಲಿ ಮಾತ್ರ. ಹೋಳಿನಲ್ಲಿ ಕೂಡಿದ್ದೂ ಬಿಡಿಯಾಗಿ ಕಂಡೀತು. ಎರಡೂ ಕಡೆಯವರಿಗೆ ಕಂಡದ್ದು ಅವರವರ ವಿಧಾನ ತೋರಿಸಿದಷ್ಟೇ. ಉತ್ತರ ಒಂದೇ ಇರಬೇಕೆಂಬ ಹಟ ಯಾಕೆ ಬಂತೋ!

ದಶಕಗಳು ಹೀಗೇ ಕಳೆದವು. 1989ರಲ್ಲಿ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನು ಕೈಗೆ ಸಿಕ್ಕಮೇಲೆ ಮಾತು ಸಂಕೇತಗಳತ್ತ ಹೊರಳಿತು. ರಕ್ತನಾಳದ ತುದಿಯ ಕೋಶವೊಂದು ಬೆರಳಿನಂಥ ಎಳೆಗಳನ್ನು ಚಾಚಿ, ವಿಇಜಿಎಫ್ ದಟ್ಟವಾಗಿರುವ ಕಡೆಗೆ ತಡಕಾಡುತ್ತ ಸಾಗುತ್ತದೆ. ಹಿಂದಿನ ಕೋಶಗಳು ಎರಡಾಗಿ, ನಾಲ್ಕಾಗಿ ಹಿಂಬಾಲಿಸುತ್ತವೆ. ಇದರ ಅಳತೆ ಬಲು ನಾಜೂಕು. ವಿಇಜಿಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ತೆಗೆದರೂ ಇಲಿಯ ಭ್ರೂಣ ಉಳಿಯುವುದಿಲ್ಲವೆಂದು 1996ರಲ್ಲಿ ಗೊತ್ತಾಯಿತು.

ದುಗ್ಧನಾಳದ ಗುಟ್ಟು ಬಿಚ್ಚಿಕೊಂಡದ್ದು ಇಲಿಯ ಒಂಬತ್ತೂವರೆ ದಿನದ ಭ್ರೂಣದಲ್ಲಿ. ಆ ಹೊತ್ತಿಗೆ ಅದರ ಮುಖ್ಯ ಅಭಿಧಮನಿಯ ಗೋಡೆಯಲ್ಲಿ, ಅದೂ ಒಂದೇ ಮಗ್ಗುಲಲ್ಲಿ, ಕೆಲವು ಕೋಶಗಳು ಪ್ರಾಕ್ಸ್-1 ಎಂಬ ಜೀನನ್ನು ಚಾಲೂ ಮಾಡಿಕೊಳ್ಳುತ್ತವೆ. ಪಕ್ಕದವು ಅಭಿಧಮನಿಯಾಗಿಯೇ ಉಳಿಯುತ್ತವೆ, ಇವು ಕುಲ ಬದಲಿಸುತ್ತವೆ. ಪ್ರಾಕ್ಸ್-1 ಇಲ್ಲದ ಇಲಿಯಲ್ಲಿ ದುಗ್ಧನಾಳವೇ ಮೂಡುವುದಿಲ್ಲವೆಂದು 1999ರಲ್ಲಿ ತಿಳಿಯಿತು. ಆದರೆ ಕುಲ ಬದಲಿಸಿದರಷ್ಟೇ ಸಾಲದು, ಹೊರಡಲು ಕರೆ ಬರಬೇಕು. ಆ ಕರೆಯೇ ವಿಇಜಿಎಫ್‌ನ ಬಳಗದ ಇನ್ನೊಂದು ಪ್ರೋಟೀನು, ವಿಇಜಿಎಫ್-ಸಿ. ಅದಿಲ್ಲದ ಭ್ರೂಣವನ್ನು 2004ರಲ್ಲಿ ನೋಡಿದಾಗ, ಪ್ರಾಕ್ಸ್-1 ಹೊತ್ತ ಕೋಶಗಳು ಸಿದ್ಧವಾಗಿಯೇ ಇದ್ದವು, ಗೋಡೆ ಬಿಟ್ಟು ಮಾತ್ರ ಕದಲಿರಲಿಲ್ಲ. ಈ ಕರೆಯನ್ನು ಕೇಳಿಸಿಕೊಳ್ಳುವ ಗ್ರಾಹಿ ವಿಇಜಿಎಫ್‌ಆರ್-3. ಅದರಲ್ಲಿ ದೋಷವಿದ್ದರೆ ಮನುಷ್ಯರಿಗೆ ಮಿಲ್ರಾಯ್ ಕಾಯಿಲೆ ಬರುತ್ತದೆ. ಎಷ್ಟೋ ಸಲ ಮಗು ಹುಟ್ಟುವಾಗಲೇ ಪಾದ ಊದಿಕೊಂಡಿರುತ್ತದೆ.

2007ರಲ್ಲಿ ಕೋಶಗಳಿಗೆ ಗುರುತು ಹಾಕಿ ಬೆನ್ನುಹತ್ತಿದಾಗ ಸೇಬಿನ್ ಗೆದ್ದಂತೆ ಕಂಡಿತು. ಆದರೆ 2015ರಲ್ಲಿ ಇಲಿಯ ಹೃದಯದಲ್ಲೂ ಚರ್ಮದಲ್ಲೂ ಅಭಿಧಮನಿಯಿಂದ ಬಾರದ ದುಗ್ಧನಾಳ ಕೋಶಗಳು ಸಿಕ್ಕವು. ಚರ್ಮದ ಕೆಲವೆಡೆ ಅವು ಮೊದಲು ಸಣ್ಣ ಸಣ್ಣ ಗುಂಪುಗಳಾಗಿ ಕಾಣಿಸಿಕೊಂಡು, ಆಮೇಲೆ ಒಂದಕ್ಕೊಂದು ಕೂಡಿ ನಾಳವಾಗುತ್ತವೆ. ಬೆಕ್ಕಿನ ಹೋಳು ನೋಡಿದವರು ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ.